ನಿಮ್ಮದೇ ಡೊಮೈನ್‌ನಲ್ಲಿ ಕನ್ನಡ ಬ್ಲಾಗ್: ಕ್ಲೌಡ್‌ಗೆ ಏರಿಸುವುದರಿಂದ ಹಿಡಿದು ಬೇರೆಡೆಗೆ ಸಾಗಿಸುವವರೆಗೆ

ಡೆವಲಪರ್‌ಗಳು ಬ್ಲಾಗ್ ಶುರು ಮಾಡಿದರೆ ಮೊದಲ ತಿಂಗಳು ಬರೆಯುವುದಿಲ್ಲ, ಸರ್ವರ್ ಕಟ್ಟುತ್ತಾರೆ. ಒಂದು ಡಾಕರ್ ಇಮೇಜು, ಒಂದು ಡೇಟಾಬೇಸು, ಅದಕ್ಕೊಂದು ಬ್ಯಾಕಪ್ಪು, ಇದೆಲ್ಲ ನೆಟ್ಟಗಿದೆಯಾ ಅಂತ ನೋಡೋಕೆ ಮಾನಿಟರಿಂಗು. ಕೊನೆಗೆ ‘ಹಲೋ ವರ್ಲ್ಡ್’ ಅನ್ನುವ ಒಂದೇ ಒಂದು ಪೋಸ್ಟು. ಇಬ್ಬರ ಊಟಕ್ಕೆ ಕಲ್ಯಾಣ ಮಂಟಪ ಬುಕ್ ಮಾಡಿದ ಹಾಗೆ. ಆಫೀಸಿನಲ್ಲಿ ದಿನವಿಡೀ ಕ್ಲೌಡ್ ಡಿಪ್ಲಾಯ್‌ಮೆಂಟ್ ಮಾಡುವವನಾಗಿ ಹೇಳುತ್ತೇನೆ, ಬ್ಲಾಗಿಗೆ ಅದ್ಯಾವುದೂ ಬೇಡ.

ಬೇಕಾದದ್ದು ಎರಡೇ. ಬರಹ ಸಾದಾ ಪಠ್ಯದ ಫೈಲುಗಳಾಗಿ ನಿಮ್ಮ ಹತ್ತಿರ ಇರಬೇಕು. ಡೊಮೈನ್, ಅಂದರೆ ಸೈಟಿನ ವಿಳಾಸ, ನಿಮ್ಮ ಹೆಸರಿನಲ್ಲಿ ಇರಬೇಕು. ಇವೆರಡು ಕೈಯಲ್ಲಿದ್ದರೆ ಹೋಸ್ಟಿಂಗ್ (ಸೈಟ್ ಇಡುವ ಜಾಗ) ಯಾರದ್ದಾದರೂ ನಡೆಯುತ್ತದೆ. ಆ್ಯಪ್‌ಗಳಿಗೆ ಜಾಗ ಕೊಡುವ ಹೆರೋಕು ಸೇವೆಯ ಕಥೆ ಗೊತ್ತಲ್ಲ? ‘ಗಿಟ್ ಪುಶ್’ ಮಾಡಿದರೆ (ಬದಲಾವಣೆಗಳ ಇತಿಹಾಸ ಇಡುವ ‘ಗಿಟ್’ ಟೂಲಿನಿಂದ ಕೋಡನ್ನು ಮೇಲಕ್ಕೆ ಕಳಿಸಿದರೆ) ಸಾಕು, ಆ್ಯಪ್ ಲೈವ್ ಅನ್ನುವುದನ್ನು ಎಷ್ಟೋ ಜನರಿಗೆ ಕಲಿಸಿದ್ದೇ ಅದು. ಅರ್ಧ ಗಂಟೆ ಯಾರೂ ಬರದಿದ್ದರೆ ಮಲಗಿಬಿಡುತ್ತಿತ್ತು, ಆದರೂ ಪುಕ್ಕಟೆ. 2022ರ ನವೆಂಬರ್ 28ಕ್ಕೆ ಆ ಉಚಿತ ಪ್ಲಾನ್ ನಿಂತಿತು. ಅವರದ್ದು ವ್ಯಾಪಾರ, ಅವರಿಗಿಷ್ಟ ಬಂದಾಗ ನಿಲ್ಲಿಸುತ್ತಾರೆ. ನಾವು ತಯಾರಿರಬೇಕು ಅಷ್ಟೆ.

ಒಂದು ಸೂಚನೆ. ಕಮಾಂಡುಗಳನ್ನು, ಸೆಟ್ಟಿಂಗ್ ಹೆಸರುಗಳನ್ನು ಇಲ್ಲಿ ಕನ್ನಡ ಲಿಪಿಯಲ್ಲೇ ಬರೆದಿದ್ದೇನೆ. ಟರ್ಮಿನಲ್‌ನಲ್ಲಿ ಇಂಗ್ಲಿಷ್ ಅಕ್ಷರಗಳಲ್ಲೇ ಟೈಪ್ ಮಾಡಿ.

ಹಂತ 1: ಹ್ಯೂಗೊ ಹಾಕಿಕೊಳ್ಳಿ

ಪುಟಗಳನ್ನು ಮೊದಲೇ ತಯಾರಿಸಿಡುವ ಸ್ಟ್ಯಾಟಿಕ್ ಸೈಟ್ ಜನರೇಟರ್‌ಗಳು ಬೇಕಾದಷ್ಟಿವೆ. ಗಿಟ್ ಫೋಲ್ಡರುಗಳನ್ನು (ಇವಕ್ಕೆ ರೆಪೊ ಅನ್ನುತ್ತಾರೆ) ಆನ್‌ಲೈನಿನಲ್ಲಿ ಇಡುವ ತಾಣ ಗಿಟ್‌ಹಬ್. ಅದರ ಸ್ಥಾಪಕರಲ್ಲಿ ಒಬ್ಬರಾದ ಟಾಮ್ ಪ್ರೆಸ್ಟನ್-ವರ್ನರ್ 2008ರಲ್ಲಿ ಬರೆದ ಜೆಕಿಲ್ ಇವತ್ತಿಗೂ ಓಡುತ್ತಿದೆ, ಆದರೆ ಅದಕ್ಕೆ ರೂಬಿ ಭಾಷೆ ಬೇಕು, ರೂಬಿ ವರ್ಷನ್‌ಗಳ ಗೋಳು ಬೇರೆ. ನನ್ನ ಓಟು ಹ್ಯೂಗೊಗೆ. 2013ರಲ್ಲಿ ಶುರುವಾದದ್ದು, ಗೋ ಭಾಷೆಯಲ್ಲಿದೆ. ಒಂದೇ ಒಂದು ಫೈಲು, ಅದನ್ನು ಹಾಕಿಕೊಂಡರೆ ಮುಗಿಯಿತು. ಅದು ನಿಮ್ಮ ಮಾರ್ಕ್‌ಡೌನ್ ಫೈಲುಗಳನ್ನು (ಸರಳ ಗುರುತು ಹಾಕಿದ ಸಾದಾ ಪಠ್ಯ) ಓದಿ ಎಚ್‌ಟಿಎಂಎಲ್ ಪುಟಗಳನ್ನು ಮಾಡಿಕೊಡುತ್ತದೆ. ಸರ್ವರ್ ಕೆಲಸ ಆ ಪುಟ ತೆಗೆದುಕೊಡುವುದು ಮಾತ್ರ. ಹ್ಯಾಕ್ ಮಾಡೋಕೆ ಲಾಗಿನ್ ಪುಟವೂ ಇಲ್ಲ, ಡೇಟಾಬೇಸೂ ಇಲ್ಲ.

ಮ್ಯಾಕ್‌ನಲ್ಲಿ ಹೋಮ್‌ಬ್ರೂ, ವಿಂಡೋಸ್‌ನಲ್ಲಿ ವಿನ್‌ಗೆಟ್ ಮೂಲಕ ಹಾಕಿಕೊಳ್ಳಿ. ಉಬುಂಟುವಿನ ‘ಆಪ್ಟ್’ ಕೊಡುವ ವರ್ಷನ್ ಸಾಮಾನ್ಯವಾಗಿ ಹಳೆಯದು, ಹೊಸ ಥೀಮುಗಳು ಅದರಲ್ಲಿ ಕೈಕೊಡುತ್ತವೆ. ಹ್ಯೂಗೊ ಬಿಡುಗಡೆ ಪುಟದಿಂದ ‘ಎಕ್ಸ್‌ಟೆಂಡೆಡ್’ ಆವೃತ್ತಿಯನ್ನೇ ಇಳಿಸಿಕೊಳ್ಳಿ. ಆಮೇಲೆ ‘ಹ್ಯೂಗೊ ನ್ಯೂ ಸೈಟ್’ ಅಂತ ಹೊಡೆದು ಪಕ್ಕದಲ್ಲಿ ಫೋಲ್ಡರ್ ಹೆಸರು ಕೊಡಿ. ಒಳಗೆ ಹೋಗಿ ‘ಗಿಟ್ ಇನಿಟ್’ ಮಾಡಿ. ಥೀಮನ್ನು (ಸೈಟಿನ ರೂಪ) ಗಿಟ್ ಸಬ್‌ಮಾಡ್ಯೂಲ್ ಆಗಿ, ಅಂದರೆ ನಿಮ್ಮ ರೆಪೊ ಒಳಗೆ ಜೋಡಿಸಿದ ಇನ್ನೊಂದು ರೆಪೊ ಆಗಿ, ಸೇರಿಸಿ. ಯಾವ ಥೀಮು ಅಂತ ವಾರಗಟ್ಟಲೆ ಹುಡುಕಬೇಡಿ. ಸರಳವಾದದ್ದು ಯಾವುದಾದರೂ ಸರಿ, ಆಮೇಲೆ ಬದಲಿಸಬಹುದು.

‘ಹ್ಯೂಗೊ ಸರ್ವರ್’ ಹೊಡೆದರೆ ನಿಮ್ಮದೇ ಕಂಪ್ಯೂಟರಿನ ಬ್ರೌಸರಿನಲ್ಲಿ ಲೋಕಲ್‌ಹೋಸ್ಟ್:1313 ವಿಳಾಸದಲ್ಲಿ ಸೈಟ್ ಕಾಣುತ್ತದೆ.

ಹಂತ 2: ಫೈಲ್ ಹೆಸರು ಇಂಗ್ಲಿಷ್ ಅಕ್ಷರದಲ್ಲಿ, ತಲೆಬರಹ ಕನ್ನಡದಲ್ಲಿ

ಇಂಗ್ಲಿಷ್ ಗೈಡುಗಳು ಹೇಳದ ವಿಷಯ ಇಲ್ಲಿಂದ ಶುರು. ಹ್ಯೂಗೊ ಫೈಲ್ ಹೆಸರನ್ನೇ ವೆಬ್ ವಿಳಾಸ ಮಾಡುತ್ತದೆ. ಫೈಲಿಗೆ ಕನ್ನಡದಲ್ಲಿ ಹೆಸರಿಟ್ಟರೆ ವಿಳಾಸವೂ ಕನ್ನಡ. ಬ್ರೌಸರಿನಲ್ಲಿ ನೋಡೋಕೆ ಚೆಂದ. ಆ ಲಿಂಕನ್ನು ಕಾಪಿ ಮಾಡಿ ವಾಟ್ಸಾಪ್‌ಗೆ ಹಾಕಿದಾಗ ಬಣ್ಣ ಬಯಲಾಗುತ್ತದೆ.

‘ಕನ್ನಡ’ ಅನ್ನುವ ಪದವನ್ನೇ ತಗೊಳ್ಳಿ. ಕಣ್ಣಿಗೆ ಮೂರು ಅಕ್ಷರ. ಯೂನಿಕೋಡ್ ಲೆಕ್ಕದಲ್ಲಿ ಐದು: ಕ, ನ, ಹಲಂತ ಚಿಹ್ನೆ (್), ಇನ್ನೊಂದು ನ, ಡ. ಒಂದೊಂದಕ್ಕೂ ಯುಟಿಎಫ್-8 ಎಂಬ ಸಂಗ್ರಹ ಕ್ರಮದಲ್ಲಿ 3 ಬೈಟ್, ಅಲ್ಲಿಗೆ 15. ವೆಬ್ ವಿಳಾಸದಲ್ಲಿ ಒಂದೊಂದು ಬೈಟೂ ಶೇಕಡಾ ಚಿಹ್ನೆ ಮತ್ತು ಎರಡು ಅಂಕಿ-ಅಕ್ಷರ ಆಗಿ ಬದಲಾಗುತ್ತದೆ. ಒಟ್ಟು 45 ಕ್ಯಾರೆಕ್ಟರ್! ನಾಲ್ಕು ಪದದ ತಲೆಬರಹ ಇದ್ದರೆ ಲಿಂಕು ಮೊಬೈಲ್ ಪರದೆಯಲ್ಲಿ ನಾಲ್ಕೈದು ಸಾಲು ಹೋಗುತ್ತದೆ, ನೋಡಿದವರು ವೈರಸ್ ಲಿಂಕ್ ಅಂದುಕೊಳ್ಳುತ್ತಾರೆ. ಗಿಟ್ ಕೂಡ ಕನ್ನಡ ಫೈಲ್ ಹೆಸರನ್ನು ಅಂಕಿಗಳ ಸಾಲಾಗಿ ತೋರಿಸುತ್ತದೆ. ‘ಕೋರ್ ಕೋಟ್‌ಪಾತ್’ ಸೆಟ್ಟಿಂಗನ್ನು ‘ಫಾಲ್ಸ್’ ಮಾಡಿದರೆ ಸರಿಯಾಗುತ್ತದೆ, ಅದು ಬೇರೆ ಮಾತು.

ಹಾಗಾಗಿ ಫೈಲಿಗೆ ಇಂಗ್ಲಿಷ್ ಅಕ್ಷರದಲ್ಲಿ, ಸಣ್ಣಕ್ಷರದಲ್ಲಿ, ಮಧ್ಯೆ ಅಡ್ಡಗೆರೆ ಹಾಕಿ ಹೆಸರಿಡಿ. ಒಳಗೆ ಮೇಲ್ಭಾಗದಲ್ಲಿ ‘ಟೈಟಲ್’ ಅಂತ ಇರುತ್ತದಲ್ಲ, ಅಲ್ಲಿ ಕನ್ನಡದ ತಲೆಬರಹ ಬರಲಿ. ಟ್ಯಾಗುಗಳಿಗೂ ಇದೇ ತೊಂದರೆ ಇದೆ, ಆದರೆ ಟ್ಯಾಗ್ ಪುಟದ ಲಿಂಕನ್ನು ಯಾರೂ ಹಂಚಿಕೊಳ್ಳುವುದಿಲ್ಲ. ಕನ್ನಡದಲ್ಲೇ ಇಡಿ.

ಡೊಮೈನ್ ಕೂಡ ಕನ್ನಡದಲ್ಲಿ ಸಿಗುತ್ತದೆ, ‘.ಭಾರತ’ ಅನ್ನುವ ಕೊನೆ ಇದೆ. ಅಭಿಮಾನಕ್ಕೆ ಒಂದು ಕೊಂಡಿಟ್ಟುಕೊಳ್ಳಿ ಬೇಕಾದರೆ. ಮುಖ್ಯ ವಿಳಾಸ ಮಾತ್ರ ಫೋನಿನಲ್ಲಿ ಬಾಯಲ್ಲಿ ಹೇಳಿದರೆ ಇನ್ನೊಬ್ಬರು ಟೈಪ್ ಮಾಡುವ ಹಾಗಿರಲಿ.

‘ನುಡಿ’, ‘ಬರಹ’ ತಂತ್ರಾಂಶಗಳ ಕಾಲದ ಹಳೆಯ ಲೇಖನಗಳಿದ್ದರೆ ಮೊದಲು ಯೂನಿಕೋಡ್‌ಗೆ ಪರಿವರ್ತಿಸಿಕೊಳ್ಳಿ. ಆ ಹಳೆಯ ಫಾಂಟುಗಳು ಇಂಗ್ಲಿಷ್ ಅಕ್ಷರಗಳ ಜಾಗದಲ್ಲಿ ಕನ್ನಡದ ಚೂರುಗಳನ್ನು ಕೂರಿಸಿದ್ದವು. ಫಾಂಟ್ ಇಲ್ಲದವರಿಗೆ ಬರೀ ಕಲಸುಮೇಲೋಗರ ಕಾಣುತ್ತದೆ, ಗೂಗಲ್‌ಗೂ ಅಷ್ಟೆ. ಪರಿವರ್ತಕಗಳು ಅರ್ಕಾವತ್ತು, ಒತ್ತಕ್ಷರದ ಹತ್ತಿರ ಎಡವುತ್ತವೆ. ಒಂದು ಸಲ ಕೂತು ಓದಿ.

ಹಂತ 3: ‘ಪೋಸ್ಟ್ ಹಾಕಿದೆ, ಕಾಣ್ತಿಲ್ಲ’

ಹೊಸಬರು ಜಾಸ್ತಿ ಕೇಳುವ ಪ್ರಶ್ನೆ ಇದೇ. ಬಿಲ್ಡ್ (ಫೈಲುಗಳಿಂದ ಪುಟ ತಯಾರಿಸುವ ಕೆಲಸ) ಹಸಿರು ಟಿಕ್ ತೋರಿಸುತ್ತದೆ, ಎರರ್ ಇಲ್ಲ, ಪೋಸ್ಟ್ ಮಾತ್ರ ಇಲ್ಲ. ಕಾರಣ ಎರಡು.

ಮೊದಲನೆಯದು ಸುಲಭ. ಹ್ಯೂಗೊ ಹೊಸ ಪೋಸ್ಟ್ ಮಾಡಿದಾಗ ‘ಡ್ರಾಫ್ಟ್’ ಅನ್ನುವುದು ‘ಟ್ರೂ’ ಇರುತ್ತದೆ. ನಿಮ್ಮ ಲ್ಯಾಪ್‌ಟಾಪಿನಲ್ಲಿ ದೊಡ್ಡ ‘ಡಿ’ ಆಪ್ಷನ್ ಹಾಕಿ ನೋಡುತ್ತಿರುತ್ತೀರಿ, ಅಲ್ಲಿ ಡ್ರಾಫ್ಟುಗಳೂ ಕಾಣುತ್ತವೆ. ಲೈವ್ ಸೈಟಿನಲ್ಲಿ ಕಾಣುವುದಿಲ್ಲ. ಪ್ರಕಟಿಸುವಾಗ ‘ಫಾಲ್ಸ್’ ಮಾಡಿ.

ಎರಡನೆಯದು ಭಾರತದಲ್ಲಿ ಕೂತವರಿಗೆ ಮೀಸಲು. ಮುಂದಿನ ದಿನಾಂಕದ ಪೋಸ್ಟನ್ನು ಹ್ಯೂಗೊ ಬಿಲ್ಡ್ ಮಾಡುವುದಿಲ್ಲ. ನೀವು ಕೈಯಿಂದ ಬೆಳಿಗ್ಗೆ 10:00 ಅಂತ ಬರೆದು, ಕೊನೆಗೆ ಭಾರತದ ಸಮಯ ಅಂತ ಹೇಳುವ +05:30 ಹಾಕದಿದ್ದರೆ, ಹ್ಯೂಗೊ ಅದನ್ನು ಯುಟಿಸಿ (ನಮಗಿಂತ ಐದೂವರೆ ಗಂಟೆ ಹಿಂದಿರುವ ಜಾಗತಿಕ ಸಮಯ) ಅಂದುಕೊಳ್ಳುತ್ತದೆ. ಯುಟಿಸಿ 10:00 ಅಂದರೆ ನಮ್ಮ ಮಧ್ಯಾಹ್ನ 3:30. ಹತ್ತು ಗಂಟೆಗೆ ಪುಶ್ ಮಾಡಿದರೆ ಹ್ಯೂಗೊ ಲೆಕ್ಕದಲ್ಲಿ ಆ ಪೋಸ್ಟ್ ಇನ್ನೂ ಭವಿಷ್ಯದ್ದು, ಸುಮ್ನೆ ಬಿಟ್ಟುಬಿಡುತ್ತದೆ. ಮೂರೂವರೆ ಆದ ಮೇಲೆ ತಾನಾಗಿ ಬರುತ್ತದಾ? ಇಲ್ಲ. ಸ್ಟ್ಯಾಟಿಕ್ ಸೈಟ್ ಅಲ್ವಾ, ಮತ್ತೆ ಬಿಲ್ಡ್ ಆಗುವವರೆಗೆ ಏನೂ ಬದಲಾಗುವುದಿಲ್ಲ. ಸಮಯವೇ ಹಾಕದೆ ಬರೀ ದಿನಾಂಕ ಬರೆದರೆ ಅದು ನಮ್ಮ ಬೆಳಗಿನ ಜಾವ 5:30. ನಡುರಾತ್ರಿ ಬರೆದು ಮುಗಿಸಿ ಪುಶ್ ಮಾಡುವವರಿಗೆ ಅಲ್ಲೂ ಪೆಟ್ಟು.

ಪರಿಹಾರ ಒಂದೇ ಸಾಲು. ಸೈಟಿನ ಸಂರಚನೆ ಫೈಲಿನಲ್ಲಿ ‘ಟೈಮ್‌ಝೋನ್’ ಅನ್ನು ‘ಏಷ್ಯಾ/ಕೋಲ್ಕತಾ’ ಮಾಡಿ.

ನಿಗದಿತ ದಿನಕ್ಕೆ ತಾನಾಗಿ ಪೋಸ್ಟ್ ಬರಬೇಕು ಅಂದರೆ ಗಿಟ್‌ಹಬ್ ಆ್ಯಕ್ಷನ್ಸ್‌ನಲ್ಲಿ (ಗಿಟ್‌ಹಬ್‌ನಲ್ಲೇ ಕೆಲಸಗಳನ್ನು ತಾನಾಗಿ ಓಡಿಸುವ ಸೌಲಭ್ಯ) ದಿನಾ ಒಮ್ಮೆ ಬಿಲ್ಡ್ ಆಗುವ ಹಾಗೆ ಶೆಡ್ಯೂಲ್ ಇಡಬಹುದು. ಟೈಮ್‌ಝೋನ್ ಹಾಕದಿದ್ದರೆ ಅಲ್ಲೂ ಯುಟಿಸಿಯೇ ಲೆಕ್ಕ. ನಮ್ಮ ಬೆಳಗಿನ 6 ಗಂಟೆಗೆ ಬೇಕಾದರೆ 00:30 ಅಂತ ಕೊಡಬೇಕು. ಸರಿಯಾಗಿ ಅದೇ ನಿಮಿಷಕ್ಕೆ ಓಡುತ್ತದೆ ಅನ್ನುವ ಭರವಸೆ ಇಲ್ಲ, ಅವರ ಕಡೆ ಲೋಡ್ ಇದ್ದರೆ ತಡವಾಗುತ್ತದೆ. ಇನ್ನೊಂದು: ಪಬ್ಲಿಕ್ ರೆಪೊದಲ್ಲಿ 60 ದಿನ ಏನೂ ಚಟುವಟಿಕೆ ಇಲ್ಲದಿದ್ದರೆ ಗಿಟ್‌ಹಬ್ ಆ ಶೆಡ್ಯೂಲನ್ನು ನಿಲ್ಲಿಸಿಬಿಡುತ್ತದೆ. ಯುಗಾದಿ ಪೋಸ್ಟನ್ನು ದೀಪಾವಳಿಗೇ ಬರೆದಿಟ್ಟು ಮರೆಯುವ ಹಾಗಿಲ್ಲ.

ಹಂತ 4: ಕನ್ನಡ ಕನ್ನಡದಂತೆ ಕಾಣಲಿ

ಥೀಮುಗಳನ್ನು ಮಾಡಿದವರು ಇಂಗ್ಲಿಷ್ ನೋಡಿಕೊಂಡು ಮಾಡಿದ್ದು. ನಾಲ್ಕು ಕಡೆ ಕೈ ಹಾಕಲೇಬೇಕು.

ಸಾಲುಗಳ ಅಂತರ ಮೊದಲು. 1.4, 1.5 ಇರುತ್ತದೆ. ಇಂಗ್ಲಿಷಿಗೆ ಸಾಕು. ನಮಗೆ ಮೇಲೆ ಗುಡಿಸು, ಕೆಳಗೆ ಒತ್ತಕ್ಷರ. ‘ಸ್ತ್ರೀ’, ‘ರಾಷ್ಟ್ರ’ ಇರುವ ಸಾಲಿನ ಕೆಳಗೆ ‘ಕೀ’, ‘ವೀ’ ಬಂದರೆ ಒಂದಕ್ಕೊಂದು ತಾಗುತ್ತವೆ. 1.7ರಿಂದ 1.8 ಇಡಿ.

ತಲೆಬರಹಗಳಿಗೆ ‘ಲೆಟರ್ ಸ್ಪೇಸಿಂಗ್’ ಕೊಟ್ಟಿದ್ದರೆ ಸೊನ್ನೆ ಮಾಡಿ. ಅಕ್ಷರಗಳನ್ನು ಎಳೆದು ದೂರ ಮಾಡುವುದು, ಒತ್ತಿ ಹತ್ತಿರ ಮಾಡುವುದು ಎರಡೂ ನಮ್ಮ ಲಿಪಿಗೆ ಒಗ್ಗುವುದಿಲ್ಲ. ಇಟಾಲಿಕ್ ಕೂಡ ಬೇಡ. ಕನ್ನಡ ಫಾಂಟುಗಳಲ್ಲಿ ನಿಜವಾದ ಇಟಾಲಿಕ್ ಸಾಮಾನ್ಯವಾಗಿ ಇರುವುದಿಲ್ಲ, ಬ್ರೌಸರ್ ನೆಟ್ಟಗಿರುವುದನ್ನೇ ಬಲವಂತವಾಗಿ ವಾಲಿಸುತ್ತದೆ. ಒತ್ತಿ ಹೇಳಬೇಕಾದರೆ ಬೋಲ್ಡ್ ಸಾಕು.

ಫಾಂಟ್ ವಿಷಯದಲ್ಲಿ ನೋಟೊ ಸಾನ್ಸ್ ಕನ್ನಡ, ನೋಟೊ ಸೆರಿಫ್ ಕನ್ನಡ, ಅನೇಕ್ ಕನ್ನಡ, ಟಿರೊ ಕನ್ನಡ ಎಲ್ಲವೂ ಉಚಿತ. ಉದ್ದ ಬರಹಕ್ಕೆ ನನಗೆ ನೋಟೊ ಸೆರಿಫ್ ಇಷ್ಟ. ವೆಬ್‌ಗೆಂದೇ ಇರುವ ವಾಫ್2 ರೂಪದಲ್ಲಿ ನಿಮ್ಮ ಸೈಟಿನಲ್ಲೇ ಇಟ್ಟುಕೊಳ್ಳಿ. ‘ಫಾಂಟ್ ಡಿಸ್‌ಪ್ಲೇ’ಗೆ ‘ಸ್ವಾಪ್’ ಕೊಡಿ. ಆಗ ಫಾಂಟ್ ಇಳಿಯುವವರೆಗೂ ಫೋನಿನದ್ದೇ ಅಕ್ಷರದಲ್ಲಿ ಓದಬಹುದು, ನಿಧಾನ ನೆಟ್‌ವರ್ಕಿನಲ್ಲಿ ಖಾಲಿ ಪುಟ ನೋಡಿಕೊಂಡು ಕೂರಬೇಕಿಲ್ಲ. ಗಾತ್ರ ಇಳಿಸೋಣ ಅಂತ ಫಾಂಟನ್ನು ಕತ್ತರಿಸುವವರು ಹುಷಾರು. ಅಕ್ಷರ ಜೋಡಿಸುವ ಕೋಷ್ಟಕಗಳು ಹೋದರೆ ಒತ್ತಕ್ಷರ ಕೂಡುವುದಿಲ್ಲ. ‘ಅಕ್ಕ’ ಹೋಗಿ ‘ಅಕ್‌ಕ’ ಆಗುತ್ತದೆ.

ಸಂರಚನೆಯಲ್ಲಿ ‘ಲ್ಯಾಂಗ್ವೇಜ್ ಕೋಡ್’ ಮತ್ತು ‘ಡಿಫಾಲ್ಟ್ ಕಂಟೆಂಟ್ ಲ್ಯಾಂಗ್ವೇಜ್’ ಎರಡನ್ನೂ ‘ಕೆಎನ್’ ಮಾಡಿ. ಸ್ಕ್ರೀನ್ ರೀಡರ್ ಬಳಸುವವರಿಗೆ ಇದರಿಂದಲೇ ಕನ್ನಡ ಧ್ವನಿ ಆಯ್ಕೆಯಾಗುವುದು. ದಿನಾಂಕವೂ ‘ಜನವರಿ’ ಅಂತ ಕನ್ನಡದಲ್ಲಿ ಬರುತ್ತದೆ. ಬರದಿದ್ದರೆ ಥೀಮಿನ ಒಳಗೆ ‘ಡೇಟ್ ಡಾಟ್ ಫಾರ್ಮ್ಯಾಟ್’ ಎಂದಿರುತ್ತದೆ. ಅದನ್ನು ‘ಟೈಮ್ ಡಾಟ್ ಫಾರ್ಮ್ಯಾಟ್’ ಫಂಕ್ಷನ್‌ಗೆ ಬದಲಿಸಿ, ಅದು ಭಾಷೆ ನೋಡಿಕೊಂಡು ಬರೆಯುತ್ತದೆ.

ಚಿತ್ರಗಳ ಬಗ್ಗೆ ಎರಡು ಮಾತು. ಫೋನಿನ ಫೋಟೊ ನಾಲ್ಕೈದು ಎಂಬಿ ಇರುತ್ತದೆ, ವೆಬ್‌ಪಿ ಮಾಡಿ 200 ಕೆಬಿ ಒಳಗೆ ತನ್ನಿ. ಫೋಟೊ ಒಳಗೆ ಜಿಪಿಎಸ್ ಜಾಗ ಸೇರಿರಬಹುದು. ಮನೆಯಲ್ಲಿ ತೆಗೆದದ್ದಾದರೆ ಮನೆ ವಿಳಾಸ ಕೊಟ್ಟಂತೆಯೇ, ಅದನ್ನು ತೆಗೆದುಹಾಕಿ. ಫೈಲ್ ಹೆಸರಿನಲ್ಲಿ ದೊಡ್ಡಕ್ಷರ, ಸಣ್ಣಕ್ಷರ ಬೆರಕೆ ಮಾಡಬೇಡಿ. ವಿಂಡೋಸ್‌ಗೆ ಎರಡೂ ಒಂದೇ, ಲಿನಕ್ಸ್‌ಗೆ ಬೇರೆ ಬೇರೆ. ನಿಮ್ಮ ಲ್ಯಾಪ್‌ಟಾಪಿನಲ್ಲಿ ಕಂಡ ಚಿತ್ರ ಲೈವ್‌ನಲ್ಲಿ 404 ಆಗುತ್ತದೆ.

ಹಂತ 5: ಗಿಟ್‌ಹಬ್ ಪೇಜಸ್‌ಗೆ ಏರಿಸಿ

ರೆಪೊದಲ್ಲಿರುವ ಸೈಟನ್ನು ವೆಬ್‌ನಲ್ಲಿ ತೋರಿಸುವ ಗಿಟ್‌ಹಬ್ ಸೇವೆಯೇ ಪೇಜಸ್. ನಿಮ್ಮ ಬಳಕೆದಾರ ಹೆಸರು, ಅದರ ಕೊನೆಗೆ ‘.ಗಿಟ್‌ಹಬ್.ಐಒ’. ಈ ಹೆಸರಿನ ರೆಪೊ ಮಾಡಿ. ಬೇರೆ ಹೆಸರಿಟ್ಟರೆ ಸೈಟ್ ಒಂದು ಉಪಫೋಲ್ಡರಿನಲ್ಲಿ ಕೂರುತ್ತದೆ, ‘ಬೇಸ್ ಯುಆರ್‌ಎಲ್’ (ಸೈಟಿನ ಮೂಲ ವಿಳಾಸ) ಹೊಂದದೆ ಸಿಎಸ್‌ಎಸ್ (ಅಲಂಕಾರದ ಫೈಲ್) ಬರದೆ ಪುಟ ಬೋಳಾಗಿ ಕಾಣುತ್ತದೆ. ಸೆಟ್ಟಿಂಗ್ಸ್‌ನಲ್ಲಿ ‘ಪೇಜಸ್’ಗೆ ಹೋಗಿ ‘ಸೋರ್ಸ್’ ಅನ್ನು ‘ಗಿಟ್‌ಹಬ್ ಆ್ಯಕ್ಷನ್ಸ್’ ಮಾಡಿ. ಹ್ಯೂಗೊ ದಾಖಲೆಗಳಲ್ಲಿ ಪೇಜಸ್‌ಗೆಂದೇ ಒಂದು ವರ್ಕ್‌ಫ್ಲೋ ಫೈಲ್ (ಆ್ಯಕ್ಷನ್ಸ್ ಏನೇನು ಮಾಡಬೇಕು ಅನ್ನುವ ಪಟ್ಟಿ) ಇದೆ, ಹಾಗೇ ತಂದು ಹಾಕಿ. ಅದರಲ್ಲಿ ಎರಡು ಸಾಲು ಮಾತ್ರ ಪರೀಕ್ಷಿಸಿ. ಹ್ಯೂಗೊ ವರ್ಷನ್ ನಿಮ್ಮ ಲ್ಯಾಪ್‌ಟಾಪಿನದ್ದೇ ಇರಲಿ. ‘ಸಬ್‌ಮಾಡ್ಯೂಲ್ಸ್’ ಅನ್ನುವುದು ‘ರಿಕರ್ಸಿವ್’ ಇರಲಿ, ಇಲ್ಲವೆಂದರೆ ಥೀಮ್ ಬರುವುದಿಲ್ಲ. ಪುಶ್ ಮಾಡಿ. ಒಂದೆರಡು ನಿಮಿಷದಲ್ಲಿ ಸೈಟ್ ಬರುತ್ತದೆ.

ಮಿತಿಗಳು ಗೊತ್ತಿರಲಿ: ಸೈಟ್ 1 ಜಿಬಿ ಮೀರಬಾರದು, ತಿಂಗಳಿಗೆ 100 ಜಿಬಿ ಡೇಟಾ ಅನ್ನುವುದು ಮೆತ್ತನೆಯ ಮಿತಿ. ಪಠ್ಯದ ಬ್ಲಾಗಿಗೆ ಅದರ ಹತ್ತಿರಕ್ಕೂ ಹೋಗುವುದಿಲ್ಲ.

ಉಚಿತ ಖಾತೆಯಲ್ಲಿ ರೆಪೊ ಪಬ್ಲಿಕ್ ಇರಲೇಬೇಕು. ಇದರ ಅರ್ಥ ಸರಿಯಾಗಿ ತಿಳಿದುಕೊಳ್ಳಿ. ‘ಡ್ರಾಫ್ಟ್’ ಅಂತ ಗುರುತು ಹಾಕಿದ ಪೋಸ್ಟ್ ಸೈಟಿನಲ್ಲಿ ಕಾಣುವುದಿಲ್ಲ ನಿಜ, ರೆಪೊ ತೆರೆದು ನೋಡಿದವರಿಗೆ ಪೂರ್ತಿ ಕಾಣುತ್ತದೆ. ಮ್ಯಾನೇಜರ್ ಬಗ್ಗೆ ಸಿಟ್ಟಿನಲ್ಲಿ ಬರೆದ ಅರ್ಧ ಲೇಖನ ಅಲ್ಲಿ ಇಡಬೇಡಿ. ಅಳಿಸಿದರೂ ಗಿಟ್ ಇತಿಹಾಸದಲ್ಲಿ ಉಳಿಯುತ್ತದೆ. ಎಪಿಐ ಕೀ (ಬೇರೆ ಸೇವೆ ಬಳಸುವ ಗುಟ್ಟಿನ ಕೀಲಿ) ಅಪ್ಪಿತಪ್ಪಿ ಹೋದರೆ ಅಳಿಸುವುದಕ್ಕೆ ಒದ್ದಾಡಬೇಡಿ, ಮೊದಲು ಆ ಕೀಯನ್ನೇ ರದ್ದು ಮಾಡಿ. ಡ್ರಾಫ್ಟುಗಳಿಗೆ ಬೇರೆ ಪ್ರೈವೇಟ್ ರೆಪೊ ಒಳ್ಳೆಯದು.

ಹಂತ 6: ಡೊಮೈನ್ ಜೋಡಿಸಿ

ಕೊಳ್ಳುವಾಗ ಮೊದಲ ವರ್ಷದ ಆಫರ್ ನೋಡಬೇಡಿ, ನವೀಕರಣದ ದರ ನೋಡಿ. ರಿಜಿಸ್ಟ್ರಾರ್ (ಡೊಮೈನ್ ಮಾರುವ ಕಂಪನಿ) ಖಾತೆಗೆ ಅದೇ ಡೊಮೈನಿನ ಇಮೇಲ್ ಕೊಡಬೇಡಿ. ಡೊಮೈನ್ ಕೈತಪ್ಪಿದ ದಿನ ಪಾಸ್‌ವರ್ಡ್ ಬದಲಿಸುವ ಮೇಲ್ ಕೂಡ ಬರುವುದಿಲ್ಲ. ಆಟೊ ರಿನ್ಯೂವಲ್ ಇದೆ ಅಂತ ನಿಶ್ಚಿಂತೆಯಿಂದ ಇರುವುದೂ ಬೇಡ. 2021ರ ಅಕ್ಟೋಬರ್ 1ರಿಂದ ರಿಸರ್ವ್ ಬ್ಯಾಂಕ್ ನಿಯಮದಂತೆ, ಮೊದಲೇ ಇ-ಮ್ಯಾಂಡೇಟ್ (ತಾನಾಗಿ ಹಣ ಕಡಿಯಲು ನೀವು ಕೊಡುವ ಒಪ್ಪಿಗೆ) ನೋಂದಣಿ ಆಗದ ಕಾರ್ಡಿನಿಂದ ತಾನಾಗಿ ಹಣ ಹೋಗುವುದಿಲ್ಲ. ವಿದೇಶಿ ಕಂಪನಿಗಳ ವಿಷಯದಲ್ಲಿ ಪಾವತಿ ಸದ್ದಿಲ್ಲದೆ ತಿರಸ್ಕಾರ ಆಗುವುದು ಸಾಮಾನ್ಯ. ಕೆಲವು ವರ್ಷಗಳದ್ದು ಒಟ್ಟಿಗೇ ಕಟ್ಟಿಬಿಡಿ. ಡಾಟ್ ಕಾಂ ಆದರೆ 10 ವರ್ಷದವರೆಗೆ ಕಟ್ಟಬಹುದು.

ಕ್ರಮ ಮುಖ್ಯ. ಮೊದಲು ಗಿಟ್‌ಹಬ್ ಖಾತೆಯಲ್ಲಿ ಡೊಮೈನ್ ವೆರಿಫೈ ಮಾಡಿ. ಅವರು ಕೊಡುವ ಟಿಎಕ್ಸ್‌ಟಿ (ಸಾದಾ ಪಠ್ಯದ) ದಾಖಲೆಯನ್ನು ಡಿಎನ್‌ಎಸ್‌ಗೆ, ಅಂದರೆ ಡೊಮೈನ್ ಹೆಸರು ಯಾವ ಸರ್ವರ್‌ಗೆ ಹೋಗಬೇಕು ಅಂತ ಹೇಳುವ ಪಟ್ಟಿಗೆ, ಸೇರಿಸಬೇಕು. ಆಮೇಲೆ ಪೇಜಸ್ ಸೆಟ್ಟಿಂಗ್ಸ್‌ನಲ್ಲಿ ‘ಕಸ್ಟಮ್ ಡೊಮೈನ್’ ತುಂಬಿ. ಕೊನೆಗೆ ಉಳಿದ ದಾಖಲೆಗಳು. ಬೋಳು ಡೊಮೈನಿಗೆ (ಶುರುವಿನಲ್ಲಿ ‘ಡಬ್ಲ್ಯುಡಬ್ಲ್ಯುಡಬ್ಲ್ಯು’ ಇಲ್ಲದ್ದು) ಸರ್ವರಿನ ಐಪಿ ವಿಳಾಸ ಹೇಳುವ ನಾಲ್ಕು ‘ಎ’ ದಾಖಲೆ: 185.199.108.153, 185.199.109.153, 185.199.110.153, 185.199.111.153. ‘ಡಬ್ಲ್ಯುಡಬ್ಲ್ಯುಡಬ್ಲ್ಯು’ಗೆ ಇನ್ನೊಂದು ಹೆಸರಿಗೆ ತೋರಿಸುವ ಒಂದು ‘ಸಿನೇಮ್’ ದಾಖಲೆ, ನಿಮ್ಮ ಗಿಟ್‌ಹಬ್.ಐಒ ವಿಳಾಸಕ್ಕೆ. ರಿಜಿಸ್ಟ್ರಾರ್ ಮೊದಲೇ ಹಾಕಿಟ್ಟ ಪಾರ್ಕಿಂಗ್ ಪುಟದ ‘ಎ’ ದಾಖಲೆ ಇದ್ದರೆ ತೆಗೆಯಿರಿ. ಅದು ಉಳಿದರೆ ಸೈಟ್ ಒಮ್ಮೆ ಬರುತ್ತದೆ, ಒಮ್ಮೆ ಜಾಹೀರಾತು ಬರುತ್ತದೆ.

ನಕ್ಷತ್ರ ಚಿಹ್ನೆಯ ವೈಲ್ಡ್‌ಕಾರ್ಡ್ ದಾಖಲೆ ಹಾಕಬೇಡಿ. ನಿಮ್ಮ ಡೊಮೈನಿನ ಯಾವುದೋ ಉಪಹೆಸರಿನಲ್ಲಿ ಬೇರೆಯವರು ತಮ್ಮ ಸೈಟ್ ನಿಲ್ಲಿಸಬಹುದು.

ಸುರಕ್ಷಿತ ಎಚ್‌ಟಿಟಿಪಿಎಸ್ ಸಂಪರ್ಕಕ್ಕೆ ಬೇಕಾದ ಸರ್ಟಿಫಿಕೇಟ್ ಲೆಟ್ಸ್ ಎನ್‌ಕ್ರಿಪ್ಟ್ ಸಂಸ್ಥೆಯಿಂದ ತಾನಾಗಿ ಬರುತ್ತದೆ, ದುಡ್ಡಿಲ್ಲ. ‘ಎನ್‌ಫೋರ್ಸ್ ಎಚ್‌ಟಿಟಿಪಿಎಸ್’ ಟಿಕ್ ಮಾಡಲು ಬಿಡದಿದ್ದರೆ ಕಾಯಿರಿ, 24 ಗಂಟೆವರೆಗೂ ಹಿಡಿಯಬಹುದು. ಮಧ್ಯದಲ್ಲಿ ಏನೇನೋ ಬದಲಿಸಿದರೆ ಇನ್ನೂ ತಡ.

ನಿಜವಾಗಿಯೂ ಸರ್ವರ್ ಬೇಕು ಅನ್ನುವವರಿಗೆ

ಬ್ಲಾಗ್ ಜೊತೆ ಸಣ್ಣ ಎಪಿಐ, ಒಂದು ಬಾಟ್ ಇತ್ಯಾದಿ ಇದ್ದರೆ ಸರ್ವರ್ ಬೇಕಾಗುತ್ತದೆ. ಅದನ್ನು ಬೇರೆ ಉಪಡೊಮೈನಿನಲ್ಲಿ ಇಡಿ, ಬಾಟ್ ಬಿದ್ದರೆ ಬ್ಲಾಗ್ ಬೀಳಬಾರದು. ಬಿಲ್ಲಿನ ಬಗ್ಗೆ ಒಂದು ಎಚ್ಚರಿಕೆ. ಅಮೆಜಾನ್‌ನ ಕ್ಲೌಡ್ ಸೇವೆ ಎಡಬ್ಲ್ಯುಎಸ್‌ನಲ್ಲಿ ಬಜೆಟ್ ಅಲರ್ಟ್ ಇಟ್ಟರೆ ಖರ್ಚು ನಿಲ್ಲುತ್ತದೆ ಅಂದುಕೊಂಡವರು ಬಹಳ. ಅದು ಮೇಲ್ ಕಳಿಸುತ್ತದೆ ಅಷ್ಟೆ, ಮೀಟರ್ ಓಡುತ್ತಲೇ ಇರುತ್ತದೆ. ಬಿಲ್ಲಿನ ಲೆಕ್ಕ ತಡವಾಗಿ ಬರುವುದರಿಂದ ಮೇಲ್ ಕೂಡ ತಡ. 2024ರ ಫೆಬ್ರವರಿ 1ರಿಂದ ಅಲ್ಲಿ ಪ್ರತಿ ಪಬ್ಲಿಕ್ ಐಪಿವಿ4 ವಿಳಾಸಕ್ಕೆ (ಸರ್ವರಿನ ಅಂಕಿಯ ವಿಳಾಸ) ಗಂಟೆಗೆ 0.005 ಡಾಲರ್ ಶುಲ್ಕವಿದೆ, ಬಳಸಿದರೂ ಬಳಸದಿದ್ದರೂ. ತಿಂಗಳಿಗೆ 3.65 ಡಾಲರ್. ಸರ್ವರ್ ಅಳಿಸಿ ಎಲಾಸ್ಟಿಕ್ ಐಪಿ (ನಿಮಗೆಂದು ಕಾಯ್ದಿರಿಸಿದ ವಿಳಾಸ) ಬಿಟ್ಟುಕೊಡುವುದು ಮರೆತರೆ ಇದು ಬರುತ್ತಲೇ ಇರುತ್ತದೆ.

ಹಂತ 7: ಒಮ್ಮೆ ಸಾಗಿಸಿ ನೋಡಿ

ಇದನ್ನು ಎಲ್ಲರೂ ಬಿಡುತ್ತಾರೆ. ಸೈಟ್ ಚೆನ್ನಾಗಿ ನಡೆಯುತ್ತಿರುವಾಗಲೇ ಬೇರೆ ಕಡೆ ಏರಿಸಿ ನೋಡಿ. ಗಿಟ್‌ಹಬ್ ಪೇಜಸ್‌ನಂಥದ್ದೇ ಇನ್ನೊಂದು ಸೇವೆ ಕ್ಲೌಡ್‌ಫ್ಲೇರ್ ಪೇಜಸ್. ಅದಕ್ಕೆ ಅದೇ ರೆಪೊ ಜೋಡಿಸಿ, ‘ಹ್ಯೂಗೊ ವರ್ಷನ್’ ಅನ್ನು ಎನ್ವಿರಾನ್‌ಮೆಂಟ್ ವೇರಿಯಬಲ್ (ಬಿಲ್ಡ್‌ಗೆ ಹೊರಗಿನಿಂದ ಕೊಡುವ ಸೆಟ್ಟಿಂಗ್) ಆಗಿ ಕೊಡಿ. ಅವರು ಕೊಡುವ ತಾತ್ಕಾಲಿಕ ವಿಳಾಸದಲ್ಲಿ ಹಳೆಯ ಪೋಸ್ಟು, ಚಿತ್ರ, ಆರ್‌ಎಸ್‌ಎಸ್ ಫೀಡ್ ಎಲ್ಲ ತೆರೆದು ನೋಡಿ. ಡೊಮೈನ್ ಮುಟ್ಟಬೇಕಾಗಿಲ್ಲ, ಓದುಗರಿಗೆ ಗೊತ್ತೂ ಆಗುವುದಿಲ್ಲ.

ನಿಜವಾಗಿ ಸಾಗಿಸುವ ದಿನ ಬಂದರೆ, ಹಿಂದಿನ ದಿನವೇ ಡಿಎನ್‌ಎಸ್ ದಾಖಲೆಗಳ ಟಿಟಿಎಲ್ ಅನ್ನು (ಹಳೆಯ ದಾಖಲೆಯನ್ನು ಬೇರೆಯವರು ನೆನಪಿಟ್ಟುಕೊಳ್ಳುವ ಅವಧಿ) 300 ಸೆಕೆಂಡಿಗೆ ಇಳಿಸಿ. ಕ್ಲೌಡ್‌ಫ್ಲೇರ್ ಪೇಜಸ್‌ಗೆ ಬೋಳು ಡೊಮೈನ್ ಜೋಡಿಸಲು ನೇಮ್‌ಸರ್ವರ್‌ಗಳನ್ನೇ (ಡಿಎನ್‌ಎಸ್ ದಾಖಲೆ ಇಟ್ಟುಕೊಳ್ಳುವ ಸರ್ವರ್) ಅವರ ಕಡೆಗೆ ಬದಲಿಸಬೇಕು. ಡೊಮೈನಿನಲ್ಲಿ ಇಮೇಲ್ ಇದ್ದರೆ ಬದಲಿಸುವ ಮುಂಚೆ ಮೇಲ್ ಎಲ್ಲಿಗೆ ಹೋಗಬೇಕು ಅಂತ ಹೇಳುವ ಎಂಎಕ್ಸ್ ಮತ್ತು ಟಿಎಕ್ಸ್‌ಟಿ ದಾಖಲೆಗಳು ಅಲ್ಲಿಗೂ ಬಂದಿವೆಯಾ ಅಂತ ಒಂದೊಂದಾಗಿ ನೋಡಿ. ಬಂದಿಲ್ಲದಿದ್ದರೆ ಬ್ಲಾಗ್ ಚೆನ್ನಾಗಿರುತ್ತದೆ, ಮೇಲ್ ನಿಲ್ಲುತ್ತದೆ. ಹಳೆಯ ಸೈಟನ್ನು ಕೆಲವು ದಿನ ಹಾಗೇ ಬಿಡಿ. ಎಲ್ಲ ಕಡೆ ಹೊಸದೇ ತೆರೆಯುತ್ತಿದೆ ಅಂತ ಖಾತ್ರಿಯಾದ ಮೇಲೆ ಗಿಟ್‌ಹಬ್ ಸೆಟ್ಟಿಂಗ್ಸ್‌ನಿಂದ ಕಸ್ಟಮ್ ಡೊಮೈನ್ ತೆಗೆಯಿರಿ, ಗಿಟ್‌ಹಬ್ ಕಡೆಗೆ ತೋರಿಸುವ ಒಂದೂ ದಾಖಲೆ ಡಿಎನ್‌ಎಸ್‌ನಲ್ಲಿ ಉಳಿಯದ ಹಾಗೆ ನೋಡಿಕೊಳ್ಳಿ, ಟಿಟಿಎಲ್ ಮತ್ತೆ ಮೇಲಕ್ಕೆ ಏರಿಸಿ.